ಗಾಜಕ್ಕ ಮತ್ತೆ ನೀರಿಗಿಳಿದ ಕಥೆ

ಮತ್ಸ್ಯಾಲಯದ ಬಾಗಿಲು ತೆರೆಯಲು ಇನ್ನೂ ಬಹಳ ಹೊತ್ತಿದೆ. ಟಿಕೆಟ್ ಕಿಟಕಿಯ ಪರದೆ ಇಳಿಬಿಟ್ಟಿದೆ. ವೀಕ್ಷಕರ ಹಾಲಿನ ಬೆಂಚುಗಳ ಮೇಲೆ ನಿನ್ನೆ ಬಂದವರು ಉದುರಿಸಿಹೋದ ಬಿಸ್ಕತ್ತಿನ ಪುಡಿ ಹಾಗೇ ಇದೆ. ದೊಡ್ಡ ತೊಟ್ಟಿಯ ನೆತ್ತಿಗೆ ಹೋಗಲು ಹಿಂಬದಿಯಲ್ಲಿ ಒಂದು ಕಬ್ಬಿಣದ ಮೆಟ್ಟಿಲಿದೆ. ಉಪ್ಪು ತಿಂದು ತಿಂದು ಅದರ ಕಟಕಟೆ ಒರಟಾಗಿದೆ. ಮೇಲೆ ಪಂಪುಗಳ ಗುಂಯ್‌ಗುಡುವ ಸದ್ದು, ಒದ್ದೆ ಜಾಲರಿಯ ನೆಲ. ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು, ಬೆನ್ನಿಗೆ ಸಿಲಿಂಡರ್ ಬಿಗಿದುಕೊಂಡು, ನಲವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ಪಕ್ಕದಲ್ಲಿ ಹಗ್ಗದ ಸುರುಳಿ ಹಿಡಿದು ನಿಂತವರು ಪಂಪ್ ಮನೆಯ ಹಿರಿಯ ಕೆಲಸಗಾರ, ಎಲ್ಲರ ಬಾಯಲ್ಲಿ ‘ಪಂಪಣ್ಣ’.

“ರಾತ್ರಿ ನಿದ್ದೆ?” ಎಂದು ಕೇಳುತ್ತಾರೆ ಪಂಪಣ್ಣ.

“ಆಯ್ತು.”

“ಹೊಟ್ಟೆಗೆ?”

“ಬ್ರೆಡ್ಡು, ಬಾಳೆಹಣ್ಣು.”

“ಮನೇಲಿ ಜಗಳ?”

“ಅತ್ತೆ ಜೊತೆ. ಸಣ್ಣದು. ನಾನೇ ಗೆದ್ದೆ.”

“ಹಂಗಾದ್ರೆ ಇಳಿ.”

ತಮಾಷೆಯಂತೆ ಕಂಡರೂ ಇದು ತಮಾಷೆಯಲ್ಲ. ಈ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಉತ್ತರ ಕೆಟ್ಟದ್ದಿದ್ದರೆ ಅವರು ಆ ದಿನ ನೀರಿಗೆ ಇಳಿಯುವುದಿಲ್ಲ. “ಇವತ್ತು ಆಗಲ್ಲ ಅಂತ ಹೇಳೋದೂ ಕೆಲಸಾನೇ,” ಎನ್ನುತ್ತಾರೆ ಅವರು. “ಅದನ್ನ ಕಲಿಯೋಕೆ ನನಗೆ ಬಹಳ ದಿನ ಬೇಕಾಯ್ತು.” ಮಾಸ್ಕಿನೊಳಗೆ ಒಮ್ಮೆ ಉಗುಳಿ, ತೊಳೆದು, ಮುಖಕ್ಕೆ ಏರಿಸಿಕೊಳ್ಳುತ್ತಾರೆ. ಸಿಲಿಂಡರಿನ ಗಾಳಿ ತರುವ ರೆಗ್ಯುಲೇಟರನ್ನು ಹಲ್ಲಲ್ಲಿ ಕಚ್ಚಿ, ಒಂದು ಉದ್ದನೆಯ ಉಸಿರು ಬಿಡುತ್ತಾರೆ. ಉಜ್ಜುವ ಕೋಲು ಕಂಕುಳಲ್ಲಿ. ಸದ್ದಿಲ್ಲದೆ ನೀರಿನೊಳಗೆ ಜಾರುತ್ತಾರೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಗಾಜಕ್ಕ ಎಂದು. ತೊಟ್ಟಿಯ ಗಾಜನ್ನು ಒಳಗಿನಿಂದ ಉಜ್ಜುವುದು ಅವರ ಕೆಲಸ. ಒಂದು ದಿನ ಬಿಟ್ಟರೆ ಗಾಜಿನ ಮೇಲೆ ಹಸಿರು ಪಾಚಿಯ ತೆಳು ಪದರ ಕೂರುತ್ತದೆ, ಎರಡು ದಿನ ಬಿಟ್ಟರೆ ಮೀನುಗಳಿಗೆ ಜ್ವರ ಬಂದಂತೆ ಕಾಣುತ್ತದೆ. ಕೆಳಗಿನ ಹಾಲಿನಲ್ಲಿ ಕಾವಲಿನವರ ಪಕ್ಕ ನಿಂತು ನೋಡುತ್ತೇನೆ. ಮೂರಾಳೆತ್ತರದ ಮಬ್ಬು ಗೋಡೆಯಲ್ಲಿ ಮೊದಲು ಒಂದು ಅಂಗೈಯಷ್ಟು ಜಾಗ ತಿಳಿಯಾಗುತ್ತದೆ, ಆಮೇಲೆ ಕಿಟಕಿಯಷ್ಟು, ಆಮೇಲೆ ಬಾಗಿಲಷ್ಟು. ಮುದಿ ಆಮೆಯೊಂದು ಮೇಲ್ವಿಚಾರಕನ ಗತ್ತಿನಲ್ಲಿ ಅವರ ಭುಜದ ಬಳಿ ಬಂದು ನಿಲ್ಲುತ್ತದೆ. ಅದನ್ನು ಮೊಣಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ. ಜನ ಬರುವ ಹೊತ್ತಿಗೆ ಗಾಜು ಇದೆಯೆಂಬುದೇ ಯಾರಿಗೂ ತಿಳಿಯಬಾರದು. ಗಾಜು ಕಾಣದಿದ್ದ ಮೇಲೆ ಗಾಜು ಒರೆಸಿದವರು ಯಾರ ಕಣ್ಣಿಗೆ ಬೀಳಬೇಕು?

ಅವರು ಇಲ್ಲಿಗೆ ಬಂದದ್ದು ನೆಲ ಒರೆಸಲು. ಹೊರಗಿನ ಗಾಜಿನ ಮೇಲೆ ಮಕ್ಕಳ ಬೆರಳಚ್ಚು, ಮೂಗಿನಚ್ಚು ಅಳಿಸುವುದೂ ಅವರ ಪಾಲಿಗೇ ಇತ್ತು. ಒಳಗಿನ ಗಾಜಿಗೆ ಹೊರಗಿನಿಂದ ಒಬ್ಬ ಮುಳುಗುಗಾರ ಬರುತ್ತಿದ್ದ. ಅವನು ಬೇರೆ ಕೆಲಸ ಹಿಡಿದು ಹೋದಾಗ ಮ್ಯಾನೇಜರು ಎಲ್ಲರನ್ನೂ ಸೇರಿಸಿ, “ಯಾರಿಗೆ ಈಜು ಬರುತ್ತೆ?” ಎಂದು ಕೇಳಿದರು. ಗಾಜಕ್ಕ ಕೈ ಎತ್ತಿದರು. ಅಪ್ಪ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದವರು. ನೀರು ತುಂಬಿದ ಹಳೇ ಗುಂಡಿಯಲ್ಲಿ ಅಣ್ಣಂದಿರ ಜೊತೆ ಈಜಿ ಬೆಳೆದವರು ಇವರು. “ಕೈ ಎತ್ತಿದ್ಮೇಲೆ ಸುತ್ತ ನೋಡಿದೆ, ನಂದೊಂದೇ ಕೈ. ಇಳಿಸೋಕೆ ನಾಚಿಕೆ ಆಯ್ತು,” ಎಂದು ನಗುತ್ತಾರೆ. ಈಜುಕೊಳದ ಮೇಷ್ಟ್ರೊಬ್ಬರು ಸ್ಕೂಬಾ ಕಲಿಸಿದರು. ಪರೀಕ್ಷೆ ಪಾಸಾಯಿತು. ಮುಂದೆ ಕೆಲವು ವರ್ಷ ಏನೂ ತೊಂದರೆಯಾಗಲಿಲ್ಲ.

ತೊಂದರೆಯಾದ ದಿನವನ್ನು ಅವರು ನಿಧಾನವಾಗಿ, ಒಂದೊಂದೇ ಎಳೆ ಬಿಡಿಸಿದಂತೆ ಹೇಳುತ್ತಾರೆ. ಮಗಳಿಗೆ ಜ್ವರವಿತ್ತು, ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬಸ್ಸು ತಪ್ಪಿ ತಡವಾಗಿ ಬಂದರು. ಬೆಳಗಿನ ಕೆಲಸ ಹಿಂದೆ ಬಿದ್ದು, ಜನ ಒಳಗೆ ಬಂದ ಮೇಲೂ ಉಜ್ಜಬೇಕಾಯಿತು. ಬಿಸಿಲು ಹೆಚ್ಚಿದ್ದ ವಾರವಾದ್ದರಿಂದ ಪಾಚಿ ಅಂಟಂಟಾಗಿ ಕೂತಿತ್ತು. ಆತುರದಲ್ಲಿ ಎರಡೂ ಕೈ ಹಾಕಿ ಉಜ್ಜಿದರು. ಮಾಸ್ಕಿನ ಪಟ್ಟಿ ಸಡಿಲವಾಗಿ ಮೂಗಿನ ಬಳಿ ನೀರು ನುಗ್ಗಿತು. ಅದನ್ನು ಸರಿಮಾಡಲು ಹಿಂದೆ ಸರಿದರೆ ಕಾಲಿನ ಈಜುರೆಕ್ಕೆ ಕೃತಕ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತು.

“ಒಂದೊಂದೇ ಆಗಿದ್ರೆ ಯಾವುದೂ ದೊಡ್ಡದಲ್ಲ. ಎಲ್ಲ ಒಟ್ಟಿಗೆ ಬಂದ್ವು. ಉಸಿರು ಎಳೀತೀನಿ, ಸಾಲಲ್ಲ. ಇನ್ನೂ ಎಳೀತೀನಿ, ಇನ್ನೂ ಸಾಲಲ್ಲ. ಗಾಳಿ ಮುಗೀತು, ನನ್ನ ಕಥೆ ಮುಗೀತು ಅನ್ನಿಸ್ತು. ಬಾಯಲ್ಲಿರೋದನ್ನ ಕಿತ್ತು ಬಿಸಾಕ್ಬೇಕು ಅನ್ನಿಸ್ತು. ನೀರೊಳಗೆ ಅದನ್ನ ಕಿತ್ರೆ ಸಾವು ಅಂತ ಗೊತ್ತು. ಗೊತ್ತಿದ್ರೂ ಕೈ ಅಲ್ಲಿಗೇ ಹೋಗ್ತಿತ್ತು.”

ಗಾಜಿನ ಆಚೆ ಒಂದು ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಗಾಜಕ್ಕ ಸಹಾಯ ಬೇಕೆಂದು ಕೈ ಬೀಸಿದರು. ಮಕ್ಕಳೂ ಕೈ ಬೀಸಿದವು. ಇವರು ಎರಡೂ ಕೈ ಬೀಸಿದರು. ಮಕ್ಕಳು ಕುಣಿದಾಡಿ ಎರಡೂ ಕೈ ಬೀಸಿದವು. ಟೀಚರು ಮೊಬೈಲಿನಲ್ಲಿ ಫೋಟೊ ತೆಗೆದರು.

“ಅಷ್ಟು ಜನರ ಎದುರಿಗೆ ಸಾಯ್ತಾ ಇದೀನಿ, ಎಲ್ಲರೂ ನಗ್ತಾ ಇದಾರೆ. ಅವರ ತಪ್ಪಲ್ಲ. ಅವರಿಗೇನು ಗೊತ್ತು ಪಾಪ.”

ಕಾಲು ಹೇಗೋ ಬಿಡಿಸಿಕೊಂಡಿತು. ಈಜುರೆಕ್ಕೆ ಅಲ್ಲೇ ಉಳಿಯಿತು. ಅವರು ಬಾಣದಂತೆ ಮೇಲಕ್ಕೆ ಚಿಮ್ಮಿದರು. ನೀರಿನಡಿಯಿಂದ ಉಸಿರು ಕಟ್ಟಿಕೊಂಡು ಹಾಗೆ ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಅವರನ್ನು ಉಳಿಸಿದ್ದು ಕಿರುಚಾಟ. ನೀರಿನೊಳಗೇ, ಯಾರಿಗೂ ಕೇಳದಂತೆ ಕಿರುಚುತ್ತಾ ಬಂದಿದ್ದರಿಂದ ಗಾಳಿ ಹೊರಹೋಗುತ್ತಿತ್ತು. ಪಂಪಣ್ಣ ಪಟ್ಟಿ ಹಿಡಿದು ಜಾಲರಿಯ ಮೇಲೆಳೆದುಕೊಂಡಾಗ ಮೂಗಿನಲ್ಲಿ ರಕ್ತ ಬರುತ್ತಿತ್ತು. ಮೀಟರು ನೋಡಿದರೆ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಉಳಿದಿತ್ತು.

ಮೈಗೆ ಆದ ಪೆಟ್ಟು ಬೇಗ ವಾಸಿಯಾಯಿತು. ಕೆಲಸಕ್ಕೆ ಮರಳಿದ ದಿನ ಗಾಜಕ್ಕ ಎಂದಿನಂತೆ ಸಿದ್ಧರಾಗಿ ಏಣಿ ಹಿಡಿದರು. ಹಿಡಿದ ಕೈ ಬಿಡಲಿಲ್ಲ. “ಬಿಡು ಅಂತ ಹೇಳ್ತೀನಿ, ಕೈ ಕೇಳಲ್ಲ. ನನ್ನ ಕೈಯೇ ಅಲ್ಲ ಅನ್ನೋ ಹಂಗೆ.” ಇಳಿಯದೆ ಹಿಂದಿರುಗಿದರು. ಮರುದಿನವೂ ಅದೇ. ಮ್ಯಾನೇಜರು ಬೈಯಲಿಲ್ಲ. ಮೀನಿಗೆ ಆಹಾರ ಕತ್ತರಿಸುವ ಅಡುಗೆ ಕೋಣೆಗೆ ಹಾಕಿದರು. ಆದರೆ ಗಾಜಿನ ಕೆಲಸವನ್ನು ಹೊರಗಿನವರಿಗೆ ವಹಿಸುವ ಮಾತು ಶುರುವಾಯಿತು. ತಿಂಗಳುಗಟ್ಟಲೆ ಗಾಜಕ್ಕ ಸ್ಟೀಲಿನ ಮೇಜಿನ ಮುಂದೆ ನಿಂತು ಮೀನು ತುಂಡು ಮಾಡಿದರು.

ಭಯ ಮಾತ್ರ ತೊಟ್ಟಿಯಲ್ಲೇ ಉಳಿಯಲಿಲ್ಲ. ಅವರ ಹಿಂದೆಯೇ ಮನೆಗೆ ಬಂತು. ತುಂಬಿದ ಬಸ್ಸಿನಲ್ಲಿ ಉಸಿರು ಕಟ್ಟತೊಡಗಿತು. ಬಚ್ಚಲಿನ ಚಿಲಕ ಹಾಕಲಾಗದೆ ಬಾಗಿಲು ಓರೆಮಾಡಿಕೊಂಡು ಸ್ನಾನ ಮಾಡಿದರು. ಹೃದಯದ ಕಾಯಿಲೆಯೇ ಇರಬೇಕೆಂದು ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಹೃದಯ ಗುಂಡುಕಲ್ಲಿನಂತಿದೆ, ಇದು ಗಾಬರಿ ಎಂದರು. ಗಾಬರಿಯಲ್ಲಿ ಮನುಷ್ಯ ಮೇಲುಮೇಲಕ್ಕೆ ತುಂಡು ಉಸಿರು ಎಳೆಯುತ್ತಾನೆ, ಬಿಡುವುದನ್ನು ಮರೆಯುತ್ತಾನೆ. ಕೆಟ್ಟ ಗಾಳಿ ಒಳಗೇ ಉಳಿದು, ಗಾಳಿ ಸಾಲದು ಎಂಬ ಸುಳ್ಳು ಸುದ್ದಿ ಹಬ್ಬಿಸುತ್ತದೆ. “ಮೊದಲು ಬಿಡೋದು ಕಲೀರಿ, ಎಳ್ಕೊಳ್ಳೋದು ತಾನಾಗೇ ಬರುತ್ತೆ ಅಂದ್ರು. ಹುಟ್ಟಿದಾಗಿಂದ ಮಾಡ್ತಿರೋ ಕೆಲಸ, ಅದನ್ನೂ ಪಾಠ ಹೇಳಿಸ್ಕೋಬೇಕಾಯ್ತು ನೋಡಿ!”

ಇನ್ನೊಂದು ಪಾಠ ಮನೆಯಲ್ಲೇ ಸಿಕ್ಕಿತು. ಗಾಜಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಮಾತು ಕಡಿಮೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಒಂದು ಸಂಜೆ ಹೆಂಡತಿ, “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೆ ಹೊರಗಿಂದ ಏನ್ ಹೇಳ್ತೀಯ?” ಎಂದು ಕೇಳಿದ್ದರು. ನಾನು ಮನೆಗೆ ಹೋದಾಗ ಆ ಉತ್ತರವನ್ನು ಗಂಡ ನನಗೂ ಹೇಳುತ್ತಾರೆ.

“ಹೆದರ್ಬೇಡಿ ಅಂತ ಯಾವತ್ತೂ ಹೇಳಲ್ಲ. ಹಂಗಂದ್ರೆ ಇನ್ನೂ ಹೆದರ್ತಾರೆ. ಒಳಗೆ ಒಂದು ತಗಡು ಹೊಡೆದಿರುತ್ತಲ್ಲ, ಎಷ್ಟು ಜನ, ಎಷ್ಟು ತೂಕ ಅಂತ? ಅದನ್ನ ಗಟ್ಟಿಯಾಗಿ ಓದಿ ಅಂತೀನಿ. ನನಗೆ ಅದರಿಂದ ಏನೂ ಆಗ್ಬೇಕಾಗಿಲ್ಲ. ಆದ್ರೆ ಓದ್ಬೇಕಾದ್ರೆ ಉಸಿರು ಬಿಡಲೇಬೇಕಲ್ಲ. ಬಿಡ್ತಾರೆ. ಅಷ್ಟೊತ್ತಿಗೆ ನಾನು ಬಾಗಿಲು ತೆಗ್ದಿರ್ತೀನಿ.”

ಆ ರಾತ್ರಿ ಗಾಜಕ್ಕ ತೀರ್ಮಾನಿಸಿದರು: ಕೆಲಸ ಬಿಡುವುದಾದರೆ ತಾನಾಗಿ ಬಿಡಬೇಕು, ಭಯ ಬಿಡಿಸಿದ್ದರಿಂದ ಅಲ್ಲ. ಮರುದಿನವೇ ಬಕೆಟ್ಟಿಗೆ ನೀರು ತುಂಬಿಸಿ, ಮಾಸ್ಕ್ ಹಾಕಿ, ಅಂಗಳದ ಕಲ್ಲಿನ ಮೇಲೆ ಮಂಡಿಯೂರಿ, ಮುಖವನ್ನು ನೀರಲ್ಲಿ ಅದ್ದಿದರು. ಒಳಗೆ ಮೆಲ್ಲಗೆ ಗುಳ್ಳೆ ಬಿಡುವುದು, ಏಳುವುದು, ಮತ್ತೆ ಅದ್ದುವುದು. ಸೊಸೆಯ ತಲೆ ಬಕೆಟ್ಟಿನಲ್ಲಿರುವುದನ್ನು ಕಂಡ ಅತ್ತೆಗೆ ಜೀವ ಬಾಯಿಗೆ ಬಂತು. ಓಡಿಬಂದು ಜುಟ್ಟು ಹಿಡಿದು ಎಳೆದರು.

“ಏನೇ ಕಷ್ಟ ನಿಂಗೆ? ನನ್ನ ಜೊತೆ ಜಗಳ ಆಡಿದ್ರೆ ಆಡ್ಕೊ, ಬಕೆಟ್ಟಲ್ಲಿ ಯಾಕೆ ಬೀಳ್ತೀಯ?”

ವಿಷಯ ತಿಳಿದ ಮೇಲೆ ಮಾತ್ರ ಅತ್ತೆ ಸೊಸೆಯ ಪರ ಗಟ್ಟಿಯಾಗಿ ನಿಂತರು. ಬೆಳಿಗ್ಗೆ ಮಾಸ್ಕ್ ಇಲ್ಲದೆಯೂ ಅದ್ದಲು ಹೇಳಿದರು. ಹೇಳುವ ಮೊದಲೇ ಎದ್ದರೆ ತಲೆಯ ಮೇಲೆ ಮೊಟಕಿದರು. “ಅವರಷ್ಟು ಕಟುಕ ಮೇಷ್ಟ್ರನ್ನ ನಾನು ನೋಡಿಲ್ಲ,” ಎನ್ನುತ್ತಾರೆ ಗಾಜಕ್ಕ. ಪಕ್ಕದ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ, “ಮತ್ತೆ? ಮುದ್ದು ಮಾಡಿದ್ರೆ ಇವತ್ತೂ ಬಕೆಟ್ಟಲ್ಲೇ ಇರ್ತಿದ್ದಳು,” ಎಂದರು.

ಬಕೆಟ್ಟಿನಿಂದ ಈಜುಕೊಳಕ್ಕೆ. ಹಳೇ ಮೇಷ್ಟ್ರು ಮತ್ತೆ ಮೊದಲ ಪಾಠದಿಂದ ಶುರುಮಾಡಿದರು: ಸೊಂಟದುದ್ದ ನೀರಲ್ಲಿ ಮಾಸ್ಕ್ ತೆಗೆದು ಹಾಕುವುದು, ಬಾಯಿಂದ ರೆಗ್ಯುಲೇಟರ್ ಬಿಟ್ಟು ಮತ್ತೆ ಹುಡುಕುವುದು. ಮುಖ್ಯ ಪಾಠ ಒಂದೇ. ಏನಾದರೂ ಎಡವಟ್ಟಾದರೆ ಮೊದಲು ನಿಲ್ಲು. ಆಮೇಲೆ ಉಸಿರು ಬಿಡು. ಯೋಚನೆ ಆಮೇಲೆ. ಕೈ ಆಡಿಸುವುದು ಎಲ್ಲಕ್ಕಿಂತ ಕೊನೆಗೆ. “ನಾನು ಅವತ್ತು ಉಲ್ಟಾ ಮಾಡಿದ್ದೆ. ಮೊದಲು ಕೈ ಆಡ್ಸಿದೆ, ಯೋಚನೆ ಮಾಡಿದ್ದು ಆಸ್ಪತ್ರೇಲಿ,” ಎನ್ನುತ್ತಾರೆ ಗಾಜಕ್ಕ.

ಕೊಳದಿಂದ ಮತ್ತೆ ತೊಟ್ಟಿಗೆ. ಅಡುಗೆ ಕೋಣೆಯ ಪಾಳಿ ಮುಗಿದ ಮೇಲೆ ಪಂಪಣ್ಣನ ಜೊತೆ ಮೇಲೆ ಹತ್ತುತ್ತಿದ್ದರು. ಮೊದಮೊದಲು ಏಣಿಯ ಮೇಲೆ ಬರೀ ಕೂತು ಬರುವುದು. ಆಮೇಲೆ ಕತ್ತಿನವರೆಗೆ ಇಳಿದು ಬರುವುದು. ಪಂಪಣ್ಣ ಒಂದು ಸಲವೂ “ಇನ್ನೊಂದು ಮೆಟ್ಟಿಲು ಇಳಿ” ಎನ್ನಲಿಲ್ಲವಂತೆ. ಯಾಕೆಂದು ಕೇಳಿದರೆ, “ಪಂಪಿಗೇ ಒತ್ತಡ ಜಾಸ್ತಿ ಕೊಟ್ರೆ ಸೀಲ್ ಕಿತ್ಕೊಂಡು ಹೋಗುತ್ತೆ. ಇದು ಮನುಷ್ಯರಪ್ಪಾ,” ಎಂದು ಉಗುರಿನ ಸಂದಿನ ಗ್ರೀಸು ಒರೆಸಿಕೊಳ್ಳುತ್ತಾರೆ.

ಪೂರ್ತಿ ಇಳಿದ ದಿನ, ಅದೇ ಬಂಡೆಯ ಬಳಿ, ಭಯ ಹೇಳಿ ಕಳಿಸಿದಂತೆ ಬಂತು. ಗಾಜಕ್ಕ ಬಂಡೆ ಹಿಡಿದು ನಿಂತರು. ಗಂಡ ಹೇಳಿದ್ದು ನೆನಪಾಯಿತು. ನೀರಿನೊಳಗೆ ಗಟ್ಟಿಯಾಗಿ ಓದುವುದು ಹೇಗೆ? ಸೊಂಟದ ಬಳಿಯ ಗಾಳಿಯ ಮೀಟರು ಎತ್ತಿ ಕಣ್ಣಿನ ಮುಂದೆ ಹಿಡಿದು ಮನಸ್ಸಿನಲ್ಲೇ ಓದಿದರು. ಒಂದೊಂದು ಅಂಕಿಗೂ ಒಂದು ಉದ್ದನೆಯ ಉಸಿರು ಹೊರಕ್ಕೆ.

“ಗಾಳಿ ಇದೆ ಅಂತ ಮೀಟರ್ ಹೇಳ್ತಿದೆ, ಇಲ್ಲ ಅಂತ ಎದೆ ಹೇಳ್ತಿದೆ. ನಾನು ಮೀಟರ್ ಮಾತು ಕೇಳಿದೆ. ಗಾಳಿ ಒಂದಿದ್ರೆ ಉಳಿದಿದ್ದೆಲ್ಲ ಆಮೇಲೆ ನೋಡ್ಕೊಳ್ಳೋಣ ಅಂದ್ಕೊಂಡೆ.”

ಅಂದು ಅವರು ಗಾಜಿನ ಒಂದು ಮೂಲೆ ಮಾತ್ರ ಉಜ್ಜಿ ಮೇಲೆ ಬಂದರು. ಮರುದಿನ ಇನ್ನೊಂದು ಮೂಲೆ. ಹೊರಗಿನವರಿಗೆ ಕೆಲಸ ವಹಿಸುವ ಮಾತು ಎಲ್ಲೋ ತಣ್ಣಗಾಯಿತು.

ಕೆಲಸ ವಾಪಸು ಸಿಕ್ಕಿದ ಮೇಲೆ ಗಾಜಕ್ಕ ಸುಮ್ಮನಾಗಲಿಲ್ಲ. ಮ್ಯಾನೇಜರ ಮುಂದೆ ನಿಂತು ಎರಡು ಮಾತಿಗೆ ಪಟ್ಟು ಹಿಡಿದರು. ಒಳಗೆ ಯಾರೇ ಇಳಿದಿರಲಿ, ಗಾಜಿನ ಈಚೆ ಹಾಲಿನಲ್ಲಿ ಒಬ್ಬರು ಅವರ ಮೇಲೇ ಕಣ್ಣಿಟ್ಟು ನಿಲ್ಲಬೇಕು. ಆ ಕಾವಲಿನವರಿಗೆ ನೀರೊಳಗಿನ ಕೈಸನ್ನೆಗಳು ಬರಬೇಕು. ಈಗ ಕಾವಲಿನವರಿಂದ ಟಿಕೆಟ್ ಕೊಡುವವರ ತನಕ ಎಲ್ಲರಿಗೂ ಅವರೇ ಸನ್ನೆ ಕಲಿಸಿದ್ದಾರೆ. ಅಂಗೈ ಕೆಳಗೆ ಮಾಡಿ ಅತ್ತಿತ್ತ ಅಲ್ಲಾಡಿಸಿದರೆ ಏನೋ ಸರಿಯಿಲ್ಲವೆಂದು. ಹೆಬ್ಬೆರಳು ಎತ್ತಿದರೆ ಮೇಲಕ್ಕೆ ಹೋಗೋಣವೆಂದು. “ನೋಡೋಕೆ ಬಂದವರು ಖುಷಿಯಾಗಿ ಹೆಬ್ಬೆರಳು ತೋರಿಸ್ತಾರೆ. ಅವರ ಮಾತು ಕೇಳಿದ್ರೆ ನಾನು ಇಡೀ ದಿನ ಮೇಲೆ ಕೆಳಗೆ ಓಡಾಡ್ತಿರ್ಬೇಕು!”

ಕಳೆದ ವರ್ಷ ಎರಡನೇ ತೊಟ್ಟಿ ಕಟ್ಟಿದಾಗ ಗಾಜಕ್ಕನಿಗೆ ಜೊತೆಗಾರನೊಬ್ಬ ಬಂದ. ಈಜು ಸ್ಪರ್ಧೆಗಳಲ್ಲಿ ಪದಕ ಗೆದ್ದವನು, ಬಾಗಿಲ ತುಂಬ ಭುಜ. ಪಂಪಣ್ಣ ಅವನಿಗಿಟ್ಟ ಹೆಸರು ‘ಪದಕ’. ನೀರೆಂದರೆ ಭಯವೇ ಇಲ್ಲ ಎನ್ನುತ್ತಿದ್ದ. ಒಂದು ಬೆಳಿಗ್ಗೆ ಇಬ್ಬರೂ ದೊಡ್ಡ ತೊಟ್ಟಿಯ ತಳದಲ್ಲಿದ್ದಾಗ ಇಡೀ ಕಟ್ಟಡದ ಕರೆಂಟು ಹೋಯಿತು. ತೊಟ್ಟಿಯ ದೀಪಗಳು ಆರಿ, ಹಾಲಿನ ಕಾವಲಿನವರಿಗೂ ಒಳಗೇನೂ ಕಾಣದಾಯಿತು. ಪಂಪುಗಳು ನಿಂತು, ಕಿವಿ ಮುಚ್ಚಿದಂತೆ ಮೌನ.

ಗಾಜಕ್ಕ ತೋಳಿಗೆ ಕಟ್ಟಿದ ಟಾರ್ಚ್ ಹಚ್ಚಿದರು. ಬೆಳಕಿನಲ್ಲಿ ಮೊದಲು ಕಂಡದ್ದು ಗುಳ್ಳೆಗಳು, ಕುದಿಯುವ ಪಾತ್ರೆಯಂತೆ ಒಂದರ ಹಿಂದೊಂದು. ಆಮೇಲೆ ಅವನ ಕಣ್ಣು. “ಆ ಕಣ್ಣು ನಂಗೆ ಗೊತ್ತು. ತಟ್ಟೆಯಷ್ಟು ದೊಡ್ಡದಾಗಿರುತ್ತೆ, ಆದ್ರೆ ಏನನ್ನೂ ನೋಡಲ್ಲ.” ಅವನು ಕೈ ಬಡಿಯುತ್ತಾ ಮೇಲಕ್ಕೆ ಚಿಮ್ಮಲು ಕಾಲು ಮಡಚಿದ್ದ.

ಎದುರಿನಿಂದ ಹೋದರೆ ಗಾಬರಿಯಲ್ಲಿರುವವನು ಬಂದವರನ್ನೇ ಹತ್ತಲು ನೋಡುತ್ತಾನೆ. ಗಾಜಕ್ಕ ಪಕ್ಕದಿಂದ ಹೋಗಿ ಭುಜದ ಪಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಬಂಡೆ ಹಿಡಿದರು. ಅವನು ತನ್ನದನ್ನು ಉಗುಳಿ, ಅವರ ಬಾಯಿಂದಲೇ ರೆಗ್ಯುಲೇಟರ್ ಕಿತ್ತುಕೊಂಡ. ಅವರು ಕಿತ್ತಾಡಲಿಲ್ಲ. ಅದನ್ನು ಅವನಿಗೇ ಬಿಟ್ಟು, ಎದೆಯ ಬಳಿ ತುರ್ತಿಗೆಂದು ಸಿಕ್ಕಿಸಿದ್ದ ಇನ್ನೊಂದನ್ನು ತಮ್ಮ ಬಾಯಿಗೆ ಇಟ್ಟುಕೊಂಡರು.

“ನನ್ನ ಎದೆನೂ ಹೊಡ್ಕೋತಾನೇ ಇತ್ತು. ಅವನು ನನ್ನ ಎರಡರಷ್ಟಿದಾನೆ. ಆದ್ರೆ ಬಿಟ್ರೆ ಉಸಿರು ಕಟ್ಕೊಂಡೇ ಮೇಲೆ ಹಾರ್ತಾನೆ ಅಂತ ಗೊತ್ತಿತ್ತು. ಬಿಡಲ್ಲ ಅಂತ ಹಿಡ್ಕೊಂಡೆ.”

ಬಂಡೆ ಬಿಟ್ಟು, ಟಾರ್ಚಿನ ಬೆಳಕನ್ನು ಆ ಅಂಗೈ ಮೇಲೆ ಬಿಟ್ಟುಕೊಂಡರು. ಅವನ ಮುಖದ ಮುಂದೆ ಆ ಕೈಯನ್ನು ಎದೆಯಿಂದ ದೂರಕ್ಕೆ, ದೋಣಿ ತಳ್ಳಿದಂತೆ, ನಿಧಾನವಾಗಿ ತಳ್ಳಿದರು: ಬಿಡು. ಮತ್ತೆ ತಳ್ಳಿದರು: ಬಿಡು. ಮೊದಲು ಅವನಿಗೆ ಕಾಣಲೇ ಇಲ್ಲ. ಅವರು ಮತ್ತೆ ಮತ್ತೆ ತಳ್ಳಿದರು. ಎಷ್ಟೋ ಹೊತ್ತಿನ ಮೇಲೆ ಒಂದು ಉದ್ದನೆಯ ಗುಳ್ಳೆಮಾಲೆ ಅವನ ಬಾಯಿಂದ ಹೊರಟಿತು. ಆಮೇಲೆ ಇನ್ನೊಂದು. ಕಣ್ಣು ಅವರ ಕೈಗೆ ಬಂದು ನಿಂತಿತು. ಆಗ ಹೆಬ್ಬೆರಳು ಎತ್ತಿ ತೋರಿಸಿ, ಪಟ್ಟಿ ಬಿಡದೆ, ಗುಳ್ಳೆಗಳಿಗಿಂತ ನಿಧಾನವಾಗಿ ಅವನನ್ನು ಮೇಲೆ ತಂದರು.

ಜಾಲರಿಯ ಮೇಲೆ ಟವೆಲ್ ಹೊದ್ದು ಕೂತ ಪದಕ, ಮುಖ ಸಣ್ಣದು ಮಾಡಿಕೊಂಡು, “ಅಕ್ಕಾ, ನಾನು ನಾಳೆಯಿಂದ ಬರಲ್ಲ,” ಎಂದನಂತೆ. ಗಾಜಕ್ಕ, “ಬಾ. ಕೆಲಸ ಮಾಡ್ಬೇಡ. ಏಣಿ ಮೇಲೆ ಕೂತು ಕಾಲಾಡ್ಸು, ಸಾಕು,” ಎಂದರಂತೆ. ಅವನು ಬಂದ. ಕೂತ. ಎರಡನೇ ತೊಟ್ಟಿಯ ಗಾಜು ಈಗ ಅವನದೇ ಹೊಣೆ. “ನಾನು ಹೆದರಿದ್ದನ್ನ ಅಕ್ಕ ಯಾರ ಹತ್ರನೂ ಹೇಳ್ಲಿಲ್ಲ,” ಎನ್ನುತ್ತಾನೆ ಅವನು. “ನಿಮ್ಮ ಹತ್ರನೂ ಅವರು ಹೇಳಿದ್ದು ನಾನು ಹೇಳಿ ಅಂದ್ಮೇಲೇ. ಬರೀರಿ, ಪರವಾಗಿಲ್ಲ. ಪದಕ ಇದ್ದೋರಿಗೂ ಆಗುತ್ತೆ ಅಂತ ಗೊತ್ತಾಗಲಿ.”

ಗಾಜಕ್ಕನ ಇಂದಿನ ಕೆಲಸ ಮುಗಿದಿದೆ. ಹಾಲಿನ ದೀಪಗಳು ಹತ್ತಿವೆ, ಹೊರಗೆ ಟಿಕೆಟ್ಟಿನ ಸಾಲು ಬೆಳೆಯುತ್ತಿದೆ. ಅವರು ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಪಂಪ್ ಮನೆಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಸಂಬಳದ ಮಾತು ಬರಬಹುದೆಂದುಕೊಂಡಿದ್ದೆ. ಅವರು ಲೋಟದ ಹಬೆ ಊದುತ್ತಾರೆ.

“ಸಮುದ್ರ,” ಎನ್ನುತ್ತಾರೆ. “ನಗ್ಬೇಡಿ. ಇಷ್ಟು ವರ್ಷ ಉಪ್ಪು ನೀರಲ್ಲೇ ನೆನೆದಿದೀನಿ, ಆದ್ರೆ ಇದು ಮೂಟೆ ಉಪ್ಪು ಸುರಿದು ಕದಡಿದ ನೀರು. ನಿಜವಾದ ಸಮುದ್ರ ನಾನು ಕಣ್ಣಲ್ಲೂ ನೋಡಿಲ್ಲ. ಒಂದ್ಸಲ ಅಲ್ಲಿ ಇಳೀಬೇಕು. ಅಲ್ಲಿ ಗಾಜಿರಲ್ಲ ಅಲ್ವಾ? ಕೈಯಲ್ಲಿ ಕೋಲಿಲ್ದೆ, ಒರೆಸೋಕೆ ಏನೂ ಇಲ್ದೆ, ಸುಮ್ನೆ ನೀರಲ್ಲಿ ಇರ್ಬೇಕು.”

ಅಷ್ಟು ದೊಡ್ಡ ನೀರು, ಹೆದರಿಕೆ ಆಗುವುದಿಲ್ಲವೇ?

“ಆಗುತ್ತೆ,” ಎಂದು ಗಾಜಕ್ಕ ಟೀ ಮುಗಿಸಿ ಲೋಟ ತೊಳೆದಿಡುತ್ತಾರೆ. “ಅದೂ ಪಾಪ ಸಮುದ್ರ ನೋಡಿಲ್ಲ. ಜೊತೇಲಿ ಬರಲಿ ಬಿಡಿ.”